ಗಪ್ಪಿಗೆ ಬಣ್ಣ ಬಳಿದವರು ಯಾರು?

ನಮ್ಮ ಮನೆಯಲ್ಲಿ ಒಂದು ಚಿಕ್ಕ ಗಾಜಿನ ತೊಟ್ಟಿ ಇದೆ. ಅದರಲ್ಲಿ ಗಪ್ಪಿ ಮೀನುಗಳಿವೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಕೂತರೆ ಎದ್ದು ಹೋಗಲು ಮನಸ್ಸೇ ಬರುವುದಿಲ್ಲ. ನನ್ನ ಕಿರುಬೆರಳಿನ ಅರ್ಧದಷ್ಟಿರುವ ಒಂದು ಗಂಡು, ಹೆಣ್ಣಿನ ಮುಂದೆ ಬಂದು ಅಡ್ಡ ನಿಲ್ಲುತ್ತದೆ. ಮೈಯನ್ನು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಳುಕಿಸುತ್ತದೆ. ಆಮೇಲೆ ಇಡೀ ಮೈ ಗಡಗಡ ನಡುಗುತ್ತದೆ, ಚಳಿ ಹಿಡಿದವರ ಹಾಗೆ. ಪಕ್ಕೆಯ ಮೇಲಿನ ಕಿತ್ತಳೆ ಚುಕ್ಕೆ ಆ ನಡುಕದಲ್ಲಿ ಕೆಂಡದ ಹಾಗೆ ಕಾಣುತ್ತದೆ. ಎರಡು ಮೂರು ಸೆಕೆಂಡು, ಅಷ್ಟೇ. ಹೆಣ್ಣು ಗಾಜಿಗೆ ಅಂಟಿದ ಪಾಚಿ ಕಿತ್ತು ತಿನ್ನುತ್ತಾ ಸುಮ್ನೆ ಮುಂದೆ ಹೋಗುತ್ತದೆ. ಗಂಡು ಒಂದು ಸುತ್ತು ಹಾಕಿ ಮತ್ತೆ ಅದರ ಎದುರಿಗೆ ಬರುತ್ತದೆ.

ಗಪ್ಪಿ ನಮಗೆ ಹೊಸದಲ್ಲ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಾವಿಗೆ, ತೊಟ್ಟಿಗೆ ಬಿಡುವ ಮೀನು ಇದೇ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯಾ ತಡೆಯಲು ಬಾವಿಗಳಿಗೆ ಇದನ್ನು ಬಿಟ್ಟಿದ್ದರು. ಆದರೆ ಇದರ ತವರು ಇಲ್ಲಿಂದ ಬಹಳ ದೂರ. ದಕ್ಷಿಣ ಅಮೆರಿಕದ ಉತ್ತರದ ಅಂಚಿನಲ್ಲಿರುವ ವೆನೆಜುವೆಲಾ, ಪಕ್ಕದ ಟ್ರಿನಿಡಾಡ್ ದ್ವೀಪ, ಆ ಕಡೆಯ ಹಳ್ಳ ತೊರೆಗಳು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್, ಜೊತೆಗೆ ಸೊಳ್ಳೆ ಮರಿ ತಿನ್ನುವ ಗಂಬೂಸಿಯಾ, ಇವೆಲ್ಲ ಗಪ್ಪಿಯ ದಾಯಾದಿಗಳು. ಪೊಸಿಲಿಡೆ ಅನ್ನುವ ಈ ಕುಟುಂಬದಲ್ಲಿ ಇನ್ನೂರೈವತ್ತಕ್ಕೂ ಜಾಸ್ತಿ ಜಾತಿಗಳಿವೆ. ಎಲ್ಲವೂ ಪುಟ್ಟ ಮೀನುಗಳು. ಹೆಚ್ಚುಕಮ್ಮಿ ಎಲ್ಲವೂ ಮೊಟ್ಟೆ ಇಡದೆ ಮರಿ ಹಾಕುತ್ತವೆ.

ಕಥೆ ಶುರುವಾಗುವುದೇ ಈ ಮರಿ ಹಾಕುವುದರಿಂದ. ನಮ್ಮ ರೋಹು, ಕಾಟ್ಲಾ ಮೀನುಗಳನ್ನು ನೋಡಿ. ಮಳೆಗಾಲದ ಹೊಸ ನೀರಿನಲ್ಲಿ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಬಿಡುತ್ತದೆ, ಗಂಡು ಅದರ ಮೇಲೆ ವೀರ್ಯ ಬಿಡುತ್ತದೆ, ಅಲ್ಲಿಗೆ ಮುಗಿಯಿತು. ಗಪ್ಪಿ ಹಾಗಲ್ಲ. ಗಂಡಿನ ಹೊಟ್ಟೆಯ ಕೆಳಗಿನ ಈಜುರೆಕ್ಕೆಯಲ್ಲಿ ಮೂರು ಕಡ್ಡಿಗಳು ಉದ್ದವಾಗಿ ಬೆಳೆದು ಒಂದು ಸಣ್ಣ ಕೊಳವೆಯ ಹಾಗಾಗುತ್ತವೆ. ಇದಕ್ಕೆ ಗೊನೊಪೋಡಿಯಂ ಅಂತ ಹೆಸರು. ಅದನ್ನು ಮುಂದಕ್ಕೆ ತಿರುಗಿಸಿ ಗಂಡು ವೀರ್ಯವನ್ನು ಹೆಣ್ಣಿನ ಮೈಯೊಳಗೇ ಸೇರಿಸುತ್ತದೆ. ಹುಟ್ಟಿದ ಮರಿಗಳಲ್ಲಿ ಗಂಡು ಹೆಣ್ಣು ಎರಡರ ರೆಕ್ಕೆಯೂ ಒಂದೇ ಥರ ಇರುತ್ತದೆ. ಪ್ರಾಯಕ್ಕೆ ಬರುವಾಗ ಗಂಡಿನದು ಮಾತ್ರ ಬದಲಾಗುತ್ತದೆ.

ಹೆಣ್ಣು ಸುಮಾರು ಒಂದು ತಿಂಗಳು ಮರಿಗಳನ್ನು ಹೊತ್ತು ತಿರುಗುತ್ತದೆ. ಹೊಟ್ಟೆ ಉಬ್ಬಿದ ಮೀನು ವೇಗವಾಗಿ ಈಜಲಾರದು, ಹಿಡಿದು ತಿನ್ನುವ ಮೀನಿಗೆ ಸುಲಭವಾಗಿ ಸಿಗುತ್ತದೆ. ಇಷ್ಟು ಕಷ್ಟ ಪಡುವವರು ಯಾರ ಮರಿ ಹೊರಬೇಕು ಅಂತ ನೋಡಿ ಆರಿಸಬೇಕಲ್ವಾ? ಗಂಡು ಕೂಡುವುದಕ್ಕೆ ಖರ್ಚು ಮಾಡುವುದು ಸ್ವಲ್ಪವೇ. ಅದಕ್ಕೇ ಬಣ್ಣ, ನಡುಕ, ಬಳುಕು ಎಲ್ಲ ಗಂಡಿನ ಪಾಲಿಗೆ ಬಂದಿದೆ. ಹೆಣ್ಣು ಒಪ್ಪದಿದ್ದರೆ ಗಂಡು ಹಿಂದಿನಿಂದ ಕದ್ದು ಬಂದು ಕೂಡಲು ನೋಡುವುದೂ ಉಂಟು. ನಮ್ಮ ತೊಟ್ಟಿಯಲ್ಲಿ ಇದು ದಿನಕ್ಕೆ ಎಷ್ಟೋ ಸಲ ನಡೆಯುತ್ತದೆ. ಹೆಚ್ಚಿನ ಸಲ ಹೆಣ್ಣು ಚಂಗನೆ ತಪ್ಪಿಸಿಕೊಳ್ಳುತ್ತದೆ.

ಹೆಣ್ಣಿಗೆ ಬಣ್ಣ ಇಷ್ಟ ಅಂತಾದರೆ ಎಲ್ಲ ಗಂಡುಗಳೂ ಮೈತುಂಬ ಬಣ್ಣ ಹೊತ್ತಿರಬೇಕಿತ್ತು. ಟ್ರಿನಿಡಾಡಿನ ಉತ್ತರದ ಬೆಟ್ಟಸಾಲಿಗೆ ಹೋದರೆ ಹಾಗಿಲ್ಲ. ಅಲ್ಲಿನ ತೊರೆಗಳು ಜಲಪಾತಗಳಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಜಲಪಾತದ ಕೆಳಗಿನ ಮಡುಗಳಲ್ಲಿ ಪೈಕ್ ಸಿಕ್ಲಿಡ್ ಅನ್ನುವ ದೊಡ್ಡ ಮೀನು ಇದೆ. ಅದು ಬೆಳೆದ ಗಪ್ಪಿಗಳನ್ನು ನುಂಗುತ್ತದೆ. ಅದಕ್ಕೆ ಜಲಪಾತ ಹತ್ತಲು ಆಗುವುದಿಲ್ಲ. ಮೇಲಿನ ಮಡುಗಳಲ್ಲಿ ಗಪ್ಪಿ ತಿನ್ನುವುದು ರಿವ್ಯುಲಸ್ ಅನ್ನುವ ಸಣ್ಣ ಮೀನು ಮಾತ್ರ. ಅದರ ಬಾಯಿಗೆ ಹೆಚ್ಚಾಗಿ ಸಿಗುವುದು ಮರಿಗಳು. ಕೆಳಗಿನ ಗಂಡುಗಳು ಮಂಕು, ಮೇಲಿನ ಗಂಡುಗಳು ಥಳಥಳ. ನಡುವೆ ಇರುವುದು ಒಂದೇ ಒಂದು ಜಲಪಾತ.

1970ರ ದಶಕದಲ್ಲಿ ಜಾನ್ ಎಂಡ್ಲರ್ ಅನ್ನುವ ವಿಜ್ಞಾನಿ ಇದನ್ನು ಪರೀಕ್ಷಿಸಿಯೇ ನೋಡಲು ಹೊರಟರು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಗಾಜಿನ ಮನೆಯೊಳಗೆ ಕೃತಕ ಕೊಳಗಳನ್ನು ಕಟ್ಟಿಸಿದರು. ಕೆಲವಕ್ಕೆ ದಪ್ಪ ಜಲ್ಲಿ ಹಾಸಿದರು, ಕೆಲವಕ್ಕೆ ಸಣ್ಣ ಜಲ್ಲಿ. ಬೇರೆ ಬೇರೆ ತೊರೆಗಳ ಗಪ್ಪಿಗಳನ್ನು ಬೆರೆಸಿ ಎಲ್ಲದಕ್ಕೂ ಬಿಟ್ಟರು. ಆಮೇಲೆ ಕೆಲವು ಕೊಳಕ್ಕೆ ಪೈಕ್ ಸಿಕ್ಲಿಡ್, ಕೆಲವಕ್ಕೆ ರಿವ್ಯುಲಸ್, ಕೆಲವನ್ನು ಹಾಗೇ ಬಿಟ್ಟರು. ಎರಡು ವರ್ಷದೊಳಗೆ ಫಲ ಕಣ್ಣಿಗೆ ಕಾಣುವಂತಿತ್ತು. ಸಿಕ್ಲಿಡ್ ಇದ್ದ ಕೊಳಗಳಲ್ಲಿ ಗಂಡುಗಳ ಚುಕ್ಕೆ ಕಡಿಮೆಯಾದವು, ಉಳಿದ ಚುಕ್ಕೆಗಳು ಆ ಕೊಳದ ಜಲ್ಲಿಯ ಗಾತ್ರಕ್ಕೆ ಹೊಂದಿಕೊಂಡವು. ಭಯ ಇಲ್ಲದ ಕೊಳಗಳಲ್ಲಿ ಚುಕ್ಕೆಗಳು ಹೆಚ್ಚಾದವು. ಅಲ್ಲಿ ಅವು ಜಲ್ಲಿಗೆ ಹೊಂದಲಿಲ್ಲ, ಜಲ್ಲಿಗೆ ಎದುರಾಗಿ ಎದ್ದು ಕಾಣುವ ಕಡೆಗೇ ಬದಲಾದವು. ಹಿಡಿಯುವವನ ಕಣ್ಣು ಗಂಡನ್ನು ಜಲ್ಲಿಯೊಳಗೆ ಅಡಗಿಸುತ್ತದೆ, ಹೆಣ್ಣಿನ ಕಣ್ಣು ಅದನ್ನು ಜಲ್ಲಿಯಿಂದ ಹೊರಗೆ ಎಳೆಯುತ್ತದೆ. ಈ ಪ್ರಯೋಗದ ಬಗ್ಗೆ ಮೊದಲ ಸಲ ಓದಿದ ದಿನ ನಾನು ಹೋಗಿ ನಮ್ಮ ತೊಟ್ಟಿಯ ತಳದ ಜಲ್ಲಿಯನ್ನೇ ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ.

ಕಾಡಿನಲ್ಲೂ ಇದೇ ಆಗುತ್ತದಾ? 1976ರಲ್ಲಿ ಎಂಡ್ಲರ್ ಟ್ರಿನಿಡಾಡಿನ ಅರೀಪೊ ನದಿಯಲ್ಲಿ, ಸಿಕ್ಲಿಡ್ ಇರುವ ಕಡೆಯಿಂದ ಸುಮಾರು 200 ಗಪ್ಪಿಗಳನ್ನು ಹಿಡಿದು, ರಿವ್ಯುಲಸ್ ಬಿಟ್ಟರೆ ಬೇರೆ ಮೀನೇ ಇಲ್ಲದ ಒಂದು ಉಪತೊರೆಗೆ ಬಿಟ್ಟರು. ಎರಡು ವರ್ಷದಲ್ಲಿ ಅಲ್ಲಿನ ಗಂಡುಗಳ ಬಣ್ಣ ಏರಿತ್ತು. ಹನ್ನೊಂದು ವರ್ಷದ ಹೊತ್ತಿಗೆ ಡೇವಿಡ್ ರೆಜ್ನಿಕ್ ಮತ್ತು ಜೊತೆಗಾರರು ನೋಡಿದಾಗ ಬದುಕಿನ ಲೆಕ್ಕಾಚಾರವೇ ಬದಲಾಗಿತ್ತು. ಆ ಮೀನುಗಳು ನಿಧಾನವಾಗಿ ಪ್ರಾಯಕ್ಕೆ ಬರುತ್ತಿದ್ದವು, ಕಡಿಮೆ ಮರಿ ಹಾಕುತ್ತಿದ್ದವು, ಆದರೆ ದೊಡ್ಡ ಮರಿ ಹಾಕುತ್ತಿದ್ದವು. ನಾಳೆ ಇರುತ್ತೇನೋ ಇಲ್ಲವೋ ಅನ್ನುವ ಕಡೆ ಬೇಗ ಬೇಗ ಹೆರಬೇಕು. ಆ ಭಯ ಇಲ್ಲದ ಕಡೆ ಅವಸರ ಯಾಕೆ? ವಿಕಾಸ ಅಂದರೆ ಲಕ್ಷಾಂತರ ವರ್ಷದ ಮಾತು ಅಂತ ಶಾಲೆಯಲ್ಲಿ ಕಲಿತವನು ನಾನು. ಒಬ್ಬ ಮನುಷ್ಯನ ನೌಕರಿಯ ಅವಧಿಯೊಳಗೇ ಅದನ್ನು ಅಳೆಯಬಹುದು ಅಂತ ತೋರಿಸಿಕೊಟ್ಟಿದ್ದು ಈ ಪುಟ್ಟ ಮೀನು.

ಇನ್ನು ಆ ಕಿತ್ತಳೆ ಬಣ್ಣ. ಅದರಲ್ಲಿ ಒಂದು ಭಾಗ ಊಟದಿಂದ ಬರುತ್ತದೆ. ಪಾಚಿಯಲ್ಲಿ ಕ್ಯಾರೊಟಿನಾಯ್ಡ್ ಇರುತ್ತದೆ. ಕ್ಯಾರೆಟ್ಟಿಗೆ ಬಣ್ಣ ಕೊಡುವ ವಸ್ತುವಿನ ಬಳಗವೇ ಅದು. ಚೆನ್ನಾಗಿ ಮೇಯುವ ಗಂಡಿಗೆ ಒಳ್ಳೆಯ ಬಣ್ಣ, ಹಾಗಾಗಿ ಬಣ್ಣ ನೋಡಿದರೆ ಆರೋಗ್ಯ ತಿಳಿಯುತ್ತದೆ ಅನ್ನುವುದು ಒಂದು ವಾದ. ನನಗೆ ಇನ್ನೊಂದು ವಿವರಣೆ ಹೆಚ್ಚು ಹಿಡಿಸುತ್ತದೆ. ಆ ಕಾಡಿನ ಮರಗಳಿಂದ ಕಿತ್ತಳೆ ಬಣ್ಣದ ಹಣ್ಣುಗಳು ತೊರೆಗೆ ಬೀಳುತ್ತವೆ, ಗಪ್ಪಿಗಳು ಮುಗಿಬಿದ್ದು ತಿನ್ನುತ್ತವೆ. ಸಂಶೋಧಕರು ಬೇರೆ ಬೇರೆ ಬಣ್ಣದ ಬಿಲ್ಲೆಗಳನ್ನು ನೀರಿಗೆ ಇಟ್ಟು ನೋಡಿದರು. ಗಪ್ಪಿಗಳು ಕಿತ್ತಳೆ ಬಿಲ್ಲೆಗಳನ್ನೇ ಹೆಚ್ಚು ಕುಕ್ಕಿದವು. ಯಾವ ತೊರೆಯ ಮೀನುಗಳು ಕಿತ್ತಳೆ ಬಿಲ್ಲೆಗೆ ಜಾಸ್ತಿ ಮರುಳಾದವೋ ಆ ತೊರೆಯ ಹೆಣ್ಣುಗಳಿಗೆ ಕಿತ್ತಳೆ ಗಂಡುಗಳೂ ಜಾಸ್ತಿ ಇಷ್ಟ. ಹಣ್ಣಿನ ಆಸೆ ಮೊದಲಿನಿಂದ ಇತ್ತು, ಗಂಡಿನ ಬಣ್ಣ ಆ ಆಸೆಯ ಬೆನ್ನು ಹತ್ತಿ ಬಂತು.

ಸ್ವೋರ್ಡ್‌ಟೇಲ್ ಕೂಡ ಇದನ್ನೇ ಹೇಳುತ್ತದೆ. ಅದರ ಗಂಡಿಗೆ ಬಾಲದ ಕೆಳಗಿನ ಅಂಚು ಕತ್ತಿಯ ಹಾಗೆ ಉದ್ದ ಬೆಳೆದಿರುತ್ತದೆ. ಅದರ ಹತ್ತಿರದ ನೆಂಟ ಪ್ಲಾಟಿಗೆ ಕತ್ತಿ ಇಲ್ಲ. ಅಲೆಕ್ಸಾಂಡ್ರಾ ಬಸೋಲೊ ಪ್ಲಾಟಿ ಗಂಡುಗಳಿಗೆ ಪ್ಲಾಸ್ಟಿಕ್ ಕತ್ತಿ ಅಂಟಿಸಿದರು. ಕೆಲವಕ್ಕೆ ಬಣ್ಣದ್ದು, ಕೆಲವಕ್ಕೆ ನೀರಿನಲ್ಲಿ ಕಾಣದ ಪಾರದರ್ಶಕದ್ದು. 1990ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿತ್ತು: ತಮ್ಮ ಜಾತಿಯಲ್ಲಿ ಯಾವತ್ತೂ ಕತ್ತಿ ನೋಡದ ಹೆಣ್ಣು ಪ್ಲಾಟಿಗಳು ಬಣ್ಣದ ಕತ್ತಿಯವರ ಹತ್ತಿರವೇ ಹೋದವು.

ಹೆಣ್ಣಿನ ಆಯ್ಕೆ ಬರೀ ಕಣ್ಣಿನ ಕೆಲಸವೂ ಅಲ್ಲ. ಒಂದು ಗಂಡಿನ ಪಕ್ಕ ಬೇರೆ ಹೆಣ್ಣು ಇರುವುದನ್ನು ನೋಡಿದರೆ, ಗಪ್ಪಿ ಹೆಣ್ಣು ಆಮೇಲೆ ಅದೇ ಗಂಡಿನ ಕಡೆ ವಾಲುತ್ತದೆ. ಸಂತೆಯಲ್ಲಿ ಜನ ಸೇರಿದ ಅಂಗಡಿಗೇ ನಾವೂ ಹೋಗುವುದಿಲ್ಲವಾ, ಹಾಗೆ. ಈ ಚಾಳಿಯ ಮೇಲೆ ಒಂದು ಇಡೀ ಜಾತಿಯೇ ನಿಂತಿದೆ. ಟೆಕ್ಸಾಸ್ ಮತ್ತು ಮೆಕ್ಸಿಕೊದ ಈಶಾನ್ಯ ಭಾಗದಲ್ಲಿರುವ ಅಮೆಜಾನ್ ಮೋಲಿಯಲ್ಲಿ ಎಲ್ಲವೂ ಹೆಣ್ಣುಗಳೇ. ಹೆಸರು ಬಂದದ್ದು ನದಿಯಿಂದಲ್ಲ, ಗ್ರೀಕ್ ಪುರಾಣದ ಹೆಣ್ಣು ಯೋಧರಿಂದ. 1932ರಲ್ಲಿ ಕಾರ್ಲ್ ಮತ್ತು ಲಾರಾ ಹಬ್ಸ್ ದಂಪತಿ ಇದನ್ನು ಜಗತ್ತಿಗೆ ತಿಳಿಸಿದರು. ಬರೀ ಹೆಣ್ಣುಗಳ ಬೆನ್ನೆಲುಬಿನ ಪ್ರಾಣಿ ಅಂತ ಮೊದಲು ಗೊತ್ತಾದದ್ದು ಇದೇ. ಸುಮಾರು ಒಂದು ಲಕ್ಷ ವರ್ಷದ ಹಿಂದೆ ಎರಡು ಬೇರೆ ಜಾತಿಯ ಮೋಲಿಗಳು ಕೂಡಿ ಹುಟ್ಟಿದ ಮಿಶ್ರತಳಿ ಅದು.

ತಾಯಿಯ ಪಡಿಯಚ್ಚಿನಂತಿರುವ ಹೆಣ್ಣು ಮರಿಗಳನ್ನೇ ಅದು ಹೆರುತ್ತದೆ. ಆದರೆ ಮೊಟ್ಟೆ ಬೆಳೆಯಲು ಶುರುವಾಗಬೇಕಾದರೆ ವೀರ್ಯದ ಒಂದು ಚುರುಕು ಬೇಕು. ಅದಕ್ಕೆ ನೆಂಟರ ಜಾತಿಯ ಗಂಡಿನ ಜೊತೆ ಕೂಡುತ್ತದೆ. ಆ ಗಂಡಿನ ಗುಣ ಯಾವುದೂ ಮರಿಗೆ ಹೋಗುವುದಿಲ್ಲ. ಹಾಗಾದರೆ ಗಂಡಿಗೆ ಏನು ಲಾಭ? 1994ರಲ್ಲಿ ಉತ್ತರದ ಒಂದು ತುಂಡು ಸಿಕ್ಕಿತು. ಗಂಡು ಅಮೆಜಾನ್ ಮೋಲಿಯ ಜೊತೆ ಇರುವುದನ್ನು ನೋಡಿದ ಅದರ ಸ್ವಂತ ಜಾತಿಯ ಹೆಣ್ಣುಗಳು ಆಮೇಲೆ ಅದೇ ಗಂಡನ್ನು ಹೆಚ್ಚು ಇಷ್ಟಪಟ್ಟವು.

ಇಷ್ಟರವರೆಗೆ ನೋಡಿದ ಹೆಣ್ಣುಗಳೆಲ್ಲ ಕೂಡುವ ಮೊದಲೇ ಆರಿಸುವವು. ಇದೇ ಕುಟುಂಬದ ಕೆಲವು ಕವಲುಗಳಲ್ಲಿ ಆಯ್ಕೆ ಮೈಯೊಳಕ್ಕೆ ಸರಿದಿದೆ. ಗಪ್ಪಿಯಲ್ಲಿ ಮರಿಗೆ ಬೇಕಾದ ಆಹಾರ ಹೆಚ್ಚಾಗಿ ಮೊಟ್ಟೆಯ ಭಂಡಾರದಲ್ಲೇ ಇರುತ್ತದೆ, ಬಸಿರಾಗುವ ಮೊದಲೇ ತಾಯಿ ಕೊಟ್ಟು ಮುಗಿಸಿರುತ್ತದೆ. ಪೊಸಿಲಿಯಾಪ್ಸಿಸ್ ಅನ್ನುವ ಮೀನುಗಳ ಗುಂಪಿನಲ್ಲಿ ಕೆಲವು ಜಾತಿಗಳಿಗೆ ಮಾಸು ಇದೆ. ಹಸು ಕರು ಹಾಕಿದ ಮೇಲೆ ಬೀಳುತ್ತದಲ್ಲ, ಅದರ ಕೆಲಸವನ್ನೇ ಇಲ್ಲಿ ಮೀನಿನ ಮಾಸು ಮಾಡುತ್ತದೆ. ತಾಯಿಯಿಂದ ಮರಿಗೆ ದಿನಾ ಆಹಾರ ಸಾಗುತ್ತದೆ. ರೆಜ್ನಿಕ್ ಮತ್ತು ಜೊತೆಗಾರರು 2002ರಲ್ಲಿ ತೋರಿಸಿದ ಪ್ರಕಾರ ಇದು ಆ ಗುಂಪಿನಲ್ಲೇ ಬೇರೆ ಬೇರೆಯಾಗಿ ಮೂರು ಸಲ ಹುಟ್ಟಿದೆ, ಒಂದು ಕಡೆ 7.5 ಲಕ್ಷ ವರ್ಷದೊಳಗೆ.

ಮಾಸು ಇರುವ ತಾಯಿ ಬಸಿರಾದ ಮೇಲೆ ಖರ್ಚು ಮಾಡುತ್ತದೆ. ಹಾಗಾಗಿ ಹಲವು ಗಂಡುಗಳ ಜೊತೆ ಕೂಡಿ, ಯಾವ ಮರಿಗೆ ಎಷ್ಟು ಕೊಡಬೇಕು ಅನ್ನುವುದನ್ನು ಒಳಗೇ ತೀರ್ಮಾನಿಸಲು ಅದಕ್ಕೆ ದಾರಿ ಇದೆ. ಹೊರಗಿನ ಆಯ್ಕೆಗೆ ಮೊದಲಿನ ಬೆಲೆ ಇಲ್ಲ. ಇದು ನಿಜವಾದರೆ ಅಂಥ ಜಾತಿಯ ಗಂಡುಗಳು ಹೇಗಿರಬೇಕು? 2014ರಲ್ಲಿ ಇಡೀ ಕುಟುಂಬವನ್ನು ಹೋಲಿಸಿ ನೋಡಿದಾಗ ಸಿಕ್ಕಿದ್ದು ಇದು: ಮಾಸು ಬೆಳೆದ ಕಡೆಗಳಲ್ಲಿ ಗಂಡುಗಳ ಬಣ್ಣ ಹೋಗಿದೆ, ನಡುಗುವ ಬಳುಕುವ ಆಟ ಹೋಗಿದೆ, ಮೈ ಚಿಕ್ಕದಾಗಿದೆ, ಗೊನೊಪೋಡಿಯಂ ಉದ್ದವಾಗಿದೆ. ಹಿಂದಿನಿಂದ ಕದ್ದು ಬರುವವನಿಗೆ ಬೇಕಾದ ಮೈ. ಈ ಪುಟ್ಟ ಕುಟುಂಬದ ಬಗ್ಗೆ ನಾನು ಓದಿದ್ದರಲ್ಲಿ ನನ್ನನ್ನು ಅತಿ ಹೆಚ್ಚು ಅಲ್ಲಾಡಿಸಿದ ಸಂಗತಿ ಇದು. ತಾಯಿಯ ಹೊಟ್ಟೆಯೊಳಗೆ ಒಂದು ಅಂಗ ಬೆಳೆಯಿತು, ಅದರಿಂದ ಗಂಡಿನ ಪಕ್ಕೆಯ ಮೇಲಿನ ಬಣ್ಣ ಅಳಿಸಿಹೋಯಿತು.

ಮಾಸು ಇಲ್ಲದಿದ್ದರೂ ಗಪ್ಪಿ ಹೆಣ್ಣಿನ ಒಳಗೂ ಸ್ವಲ್ಪ ಆಯ್ಕೆ ನಡೆಯುತ್ತದೆ. ಚೆನ್ನಾಗಿ ಕಂಡ ಗಂಡಿನ ವೀರ್ಯವನ್ನು ಅದು ಜಾಸ್ತಿ ಉಳಿಸಿಕೊಳ್ಳುತ್ತದೆ, ಒಂದೇ ಸೂಲಿನಲ್ಲಿ ಹಲವು ತಂದೆಯರ ಮರಿಗಳಿರಬಹುದು, ಕೂಡಿಟ್ಟ ವೀರ್ಯ ತಿಂಗಳುಗಟ್ಟಲೆ ಬದುಕಿರುತ್ತದೆ. ಕಳೆದ ಬೇಸಿಗೆಯಲ್ಲಿ ನಾನು ಒಂದು ಹೆಣ್ಣನ್ನು ಬೇರೆ ಜಾಡಿಗೆ ಹಾಕಿದೆ. ಕೆಲವು ದಿನಕ್ಕೆ ಅದು ಮರಿ ಹಾಕಿತು. ಮರಿಗಳನ್ನು ತೆಗೆದು ಇನ್ನೊಂದು ಪಾತ್ರೆಗೆ ಬಿಟ್ಟೆ. ಹೆಣ್ಣು ಒಂಟಿಯಾಗಿಯೇ ಇತ್ತು. ತಿಂಗಳ ಮೇಲೆ ಮತ್ತೆ ಮರಿ ಹಾಕಿತು, ಹದಿನಾಲ್ಕು. ಎಲ್ಲವೂ ಬೂದು ಬಣ್ಣದವು, ಒಂದಕ್ಕೊಂದು ವ್ಯತ್ಯಾಸವೇ ಇಲ್ಲ. ಎರಡು ತಿಂಗಳು ತುಂಬುವ ಹೊತ್ತಿಗೆ ಗಂಡುಗಳಿಗೆ ಬಣ್ಣ ಬರತೊಡಗಿತು. ಮೂರರ ಪಕ್ಕೆಯಲ್ಲಿ ಕಿತ್ತಳೆ. ನಾಲ್ಕನೆಯದಕ್ಕೆ ಬಾಲದ ಬುಡದಲ್ಲಿ ಒಂದು ದುಂಡನೆಯ ಕಪ್ಪು ಚುಕ್ಕೆ. ನಮ್ಮ ತೊಟ್ಟಿಯಲ್ಲಿ ಆ ಚುಕ್ಕೆ ಇದ್ದ ಗಂಡು ಒಂದೇ ಒಂದಿತ್ತು. ಈ ಮರಿ ಹುಟ್ಟುವ ಮೊದಲೇ ಅದು ಸತ್ತುಹೋಗಿತ್ತು.