ಹಳೆ ಬೋಟಿನ ಕಿಟಕಿ ಯಾಕೆ ಸೋರುತ್ತದೆ?

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಸೆಕೆಂಡ್ ಹ್ಯಾಂಡ್ ಬೋಟು ಕೊಂಡವರಿಗೆ ಕ್ಯಾಬಿನ್ ಕಿಟಕಿಯ ಬಂಡವಾಳ ಗೊತ್ತಾಗುವುದೂ ಈ ಮಳೆಯಲ್ಲೇ. ವ್ಯಾಪಾರದ ದಿನ ಇಂಜಿನ್ ನೋಡಿರುತ್ತಾರೆ, ತಳ ತಟ್ಟಿ ನೋಡಿರುತ್ತಾರೆ. ಕಿಟಕಿ ಯಾರು ನೋಡುತ್ತಾರೆ?

ಸೋರಿದಾಗ ಮೊದಲು ಹೊಳೆಯುವುದು ಸ್ಕ್ರೂ ಬಿಗಿ ಮಾಡುವುದು. ನಿಲ್ಲದಿದ್ದರೆ ಹೊರಗಿನಿಂದ ಸಂದಿ ಮುಚ್ಚುವ ಸಿಲಿಕಾನ್ ಅಂಟು ಬಳಿಯುವುದು. ಎರಡೂ ಕೆಲಸಕ್ಕೆ ಬಾರವು. ಮೊದಲನೆಯದಂತೂ ಸೋರಿಕೆಯನ್ನು ಇನ್ನೂ ಜಾಸ್ತಿ ಮಾಡಬಹುದು.

ಕಾರಣ ಬಿಸಿಲು. ಅನೇಕ ಬೋಟುಗಳ ಕಿಟಕಿಗೆ ಗಾಜಿನ ಬದಲು ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಶೀಟ್ ಹಾಕಿರುತ್ತಾರೆ. ಒಂದು ಮೀಟರ್ ಉದ್ದದ ಅಕ್ರಿಲಿಕ್ ಇದ್ದುದಕ್ಕಿಂತ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಸುಮಾರು 2 ಮಿ.ಮೀ. ಹಿಗ್ಗುತ್ತದೆ. ಅಷ್ಟೇ ಉದ್ದದ ಅಲ್ಯುಮಿನಿಯಂ ಚೌಕಟ್ಟು ಹಿಗ್ಗುವುದು 0.7 ಮಿ.ಮೀ. ಮಾತ್ರ. ಅಂದರೆ ಎರಡೂ ತುದಿಯಲ್ಲಿ ಶೀಟ್ ಚೌಕಟ್ಟಿಗಿಂತ 0.7 ಮಿ.ಮೀ.ನಷ್ಟು ಆಚೆ ಸರಿಯುತ್ತದೆ, ತಣ್ಣಗಾದಾಗ ವಾಪಸ್ ಬರುತ್ತದೆ. ದಿನಾ ಇದೇ ಕಥೆ. ನಡುವೆ ಸಿಕ್ಕ ಸೀಲಂಟ್, ಅಂದರೆ ಸಂದಿ ಮುಚ್ಚಲು ತುಂಬಿದ ಅಂಟು, ಇಷ್ಟನ್ನೂ ತಾಳಿಕೊಳ್ಳಬೇಕು. ಅದರ ಪದರ 3 ಮಿ.ಮೀ. ದಪ್ಪ ಇದ್ದರೆ ದಪ್ಪದ ಕಾಲು ಭಾಗದಷ್ಟು ಎಳೆತ, ಆರಾಮಾಗಿ ತಡೆದುಕೊಳ್ಳುತ್ತದೆ. ಸ್ಕ್ರೂ ಬಿಗಿದು ಅದನ್ನು ಅರ್ಧ ಮಿ.ಮೀ.ಗೆ ಇಳಿಸಿದರೆ? ತನ್ನ ದಪ್ಪಕ್ಕಿಂತ ಜಾಸ್ತಿ ಎಳೆಸಿಕೊಳ್ಳಬೇಕು. ಒಂದಲ್ಲ ಒಂದು ದಿನ ಅಂಚು ಬಿಡುತ್ತದೆ.

ಬಿಟ್ಟ ಅಂಚು ಕಣ್ಣಿಗೆ ಕಾಣುವುದಿಲ್ಲ. ನೀರಿಗೆ ಅಷ್ಟು ಸಾಕು. ಒದ್ದೆಯಾಗುವ ಎರಡು ಮೇಲ್ಮೈಗಳ ನಡುವಿನ 0.1 ಮಿ.ಮೀ. ಸಂದಿಯಲ್ಲಿ ನೀರು ತಾನೇ 15 ಸೆಂ.ಮೀ.ವರೆಗೆ ಏರಬಲ್ಲದು, ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ. ಸಂದಿ ಕಿರಿದಾದಷ್ಟೂ ಏರಿಕೆ ಜಾಸ್ತಿ. ಹಾಗಾಗಿ ಕಿಟಕಿಯ ಕೆಳಗಿನ ಅಂಚಿನಿಂದಲೂ ನೀರು ಮೇಲೆ ಹತ್ತಿ ಒಳಗೆ ಬರುತ್ತದೆ. ಹನಿ ಬೀಳುವ ಜಾಗವೇ ಬೇರೆ, ನೀರು ನುಗ್ಗಿದ ಜಾಗವೇ ಬೇರೆ. ಇದನ್ನು ಹುಡುಕಲು ಪೈಪಿನ ನೀರನ್ನು ಕೆಳಗಿನ ಅಂಚಿನಿಂದ ಶುರುಮಾಡಿ ನಿಧಾನಕ್ಕೆ ಮೇಲಕ್ಕೆ ಬಿಡಬೇಕು. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಬೇಕು. ಮೇಲಿನಿಂದ ಸುರಿದರೆ ಎಲ್ಲವೂ ಒದ್ದೆ, ಏನೂ ಗೊತ್ತಾಗುವುದಿಲ್ಲ.

ಸರಿಯಾದ ರಿಪೇರಿ ಎಂದರೆ ಶೀಟನ್ನು ಪೂರ್ತಿ ಬಿಚ್ಚುವುದೇ. ಹಳೆ ಸಿಲಿಕಾನಿನ ಮೇಲೆ ಹೊಸ ಸಿಲಿಕಾನ್ ಸರಿಯಾಗಿ ಅಂಟುವುದಿಲ್ಲ. ಅದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಸೋಪಿನ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಬೇಕು. ಅಕ್ರಿಲಿಕ್‌ಗೆ ಥಿನ್ನರ್, ಅಸಿಟೋನ್ ಮಾತ್ರ ತಾಗಿಸಬೇಡಿ. ಮೈತುಂಬ ಸಣ್ಣ ಸಣ್ಣ ಬಿರುಕು ಬಿಡುತ್ತದೆ, ಮತ್ತೆ ಹೋಗುವುದಿಲ್ಲ. ಸ್ಕ್ರೂ ತೂತುಗಳನ್ನು ಸ್ವಲ್ಪ ದೊಡ್ಡದು ಮಾಡಿ, ಶೀಟಿಗೆ ಸರಿಯಲು ಜಾಗ ಇರಲಿ. ಅಂಚಿನಲ್ಲಿ ಅಲ್ಲಲ್ಲಿ 3 ಮಿ.ಮೀ. ರಬ್ಬರ್ ತುಂಡು ಇಟ್ಟರೆ ಸೀಲಂಟಿನ ದಪ್ಪ ಉಳಿಯುತ್ತದೆ.

ಅಂಗಡಿಯಲ್ಲಿ ಕೇಳಬೇಕಾದ್ದು ನ್ಯೂಟ್ರಲ್ ಸಿಲಿಕಾನ್. ವಿನೆಗರ್ ವಾಸನೆಯದು ಬೇಡ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ಅಲ್ಯುಮಿನಿಯಂ ತಿನ್ನುತ್ತದೆ. ಸಿಲಿಕಾನ್ ಗಟ್ಟಿಯಾಗುವುದು ಗಾಳಿಯ ತೇವದಿಂದ, ಅದಕ್ಕೆ ನಮ್ಮ ಕರಾವಳಿಯಲ್ಲಿ ಬರವಿಲ್ಲ. ಆದರೂ ಒಳಗಿನವರೆಗೆ ಬಲಿಯಲು ದಿನಗಳೇ ಬೇಕು. ಅಲ್ಲಿಯವರೆಗೆ ಸ್ಕ್ರೂಗಳನ್ನು ಕೈಬಿಗಿಯಲ್ಲೇ ಬಿಡಿ, ಮೇಲೆ ತಾಡಪತ್ರಿ ಕಟ್ಟಿ.