ತತ್ವಶಾಸ್ತ್ರದ ಮೇಷ್ಟ್ರಿಗೆ ಆಸ್ಪತ್ರೆಯಲ್ಲೇನು ಕೆಲಸ?

ಪ್ರಶ್ನೆ: ನೀವು ಡಾಕ್ಟರಲ್ಲ. ದಾವಣಗೆರೆಯ ಮೆಡಿಕಲ್ ವಿದ್ಯಾರ್ಥಿಗಳಿಗೆ ವೈದ್ಯಕೀಯ ನೀತಿಯನ್ನು ನೀವು ಹೇಗೆ ಕಲಿಸುತ್ತೀರಿ?

ಉತ್ತರ: ಸುಳ್ಳು ಹೇಳಬಾರದು, ರೋಗಿಗೆ ಕೇಡು ಮಾಡಬಾರದು ಎಂದು ನಾನು ಹೇಳಿಕೊಡಬೇಕಾಗಿಲ್ಲ, ಆ ಮಕ್ಕಳು ಮನೆಯಲ್ಲೇ ಕಲಿತು ಬಂದಿರುತ್ತಾರೆ. ಕಷ್ಟ ಶುರುವಾಗುವುದು ಇವೆರಡೂ ಒಂದಕ್ಕೊಂದು ಅಡ್ಡ ಬಂದಾಗ.

ತರಗತಿಯಲ್ಲಿ ಒಂದು ಸಂದರ್ಭ ಕೊಡುತ್ತೇನೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು, ವಯಸ್ಸು 68, ಹೊಟ್ಟೆಯ ಕ್ಯಾನ್ಸರ್. ರಿಪೋರ್ಟ್ ಬಂದ ದಿನ ಮಗ ವಾರ್ಡಿನ ಹೊರಗೆ ಡಾಕ್ಟರ ಕೈ ಹಿಡಿದುಕೊಂಡು, ‘ಅಪ್ಪಾಜಿಗೆ ಹೇಳ್ಬೇಡಿ ಸಾರ್, ತಡ್ಕಳಲ್ಲ. ಅಲ್ಸರ್ ಅಂದ್ಬಿಡಿ’ ಎನ್ನುತ್ತಾನೆ. ಏನು ಮಾಡುತ್ತೀರಿ?

ಹೆಚ್ಚಿನವರು ಮಗನ ಪರ. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದರಲ್ಲಿ ಪ್ರೀತಿಯಿದೆ, ನಾಳೆ ಅಪ್ಪನ ಆರೈಕೆಗೆ ನಿಲ್ಲುವವನೂ ಅವನೇ. ಆದರೆ ತೋಟದ ಪಾಲು ಬಾಕಿ ಇದ್ದರೆ? ಆಪರೇಷನ್ ಬೇಡ, ಮನೆಯಲ್ಲೇ ಇರುತ್ತೇನೆ ಎನ್ನುವ ಮನಸ್ಸು ಅವರಿಗಿದ್ದರೆ? ತುರ್ತು ಸಂದರ್ಭ ಬಿಟ್ಟರೆ, ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರ ಬದಲು ಮನೆಯವರು ಒಪ್ಪಿಗೆ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಅಲ್ಸರ್ ಎಂದು ನಂಬಿಸಿ ಪಡೆದ ಸಹಿ ಯಾವುದಕ್ಕೆ ಒಪ್ಪಿಗೆಯಾದೀತು?

ಹಾಗಾದರೆ ಹೇಳಿಬಿಡೋಣ ಎನ್ನುತ್ತಾರೆ ಕೆಲವರು. ಅಲ್ಲೂ ತಡೆಯುತ್ತೇನೆ. ಯಜಮಾನರೇ ‘ನಂಗೇನೂ ಬೇಡ, ಮಗನ ಹತ್ರ ಮಾತಾಡಿ’ ಅಂದರೆ ಅದೂ ಅವರದೇ ತೀರ್ಮಾನ. ಆದ್ದರಿಂದ ಮೊದಲು ಕೇಳಬೇಕು: ‘ಯಜಮಾನ್ರೇ, ನಿಮ್ಮ ಕಾಯಿಲೆ ವಿಚಾರ ಪೂರ್ತಿ ತಿಳ್ಕೋಬೇಕು ಅನ್ಸುತ್ತಾ?’ ಈ ಒಂದು ವಾಕ್ಯವನ್ನು ಜೋಡಿ ಜೋಡಿಯಾಗಿ ಅಭ್ಯಾಸ ಮಾಡಿಸುತ್ತೇನೆ. ಕೇಸ್ ಶೀಟ್ ಹಿಡಿದು ಮಂಚದ ಕಾಲ ಬಳಿ ನಿಂತು ಕೇಳುವುದಲ್ಲ, ಸ್ಟೂಲ್ ಎಳೆದುಕೊಂಡು ಕೂತು ಕೇಳಬೇಕು.

2019ರಿಂದ ಎಂಬಿಬಿಎಸ್ ಪಠ್ಯದಲ್ಲೇ ನೀತಿ, ಸಂವಹನದ ಪಾಠಗಳು ಸೇರಿವೆ. ಒಳ್ಳೆಯದಾಯಿತು.

ನನ್ನ ಇನ್ನೊಂದು ಕೆಲಸ ನೈತಿಕ ಸಮಿತಿಯಲ್ಲಿ. ಹೊಸ ಔಷಧಿಯ ಪ್ರಯೋಗವನ್ನು ಮೊದಲು ಈ ಸಮಿತಿ ಒಪ್ಪಬೇಕು. 2019ರ ನಿಯಮದಂತೆ ಕನಿಷ್ಠ 7 ಸದಸ್ಯರಿರಬೇಕು; ಸಮಾಜವಿಜ್ಞಾನಿ ಅಥವಾ ತತ್ವಶಾಸ್ತ್ರದವರಂಥ ಒಬ್ಬರಿಗೂ ಅಲ್ಲಿ ಜಾಗವಿದೆ. ನಾನು ಹಟ ಹಿಡಿಯುವುದು ಒಪ್ಪಿಗೆ ಪತ್ರದ ಕನ್ನಡಕ್ಕಾಗಿ. ‘ಯಾದೃಚ್ಛಿಕ ಹಂಚಿಕೆ’ ಎಂದರೆ ಜಗಳೂರಿನ ರೈತರಿಗೇನು, ನನಗೂ ತಡವರಿಕೆ. ‘ನಿಮಗೆ ಹೊಸ ಔಷಧಿಯೋ ಹಳೆಯದೋ ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ, ಡಾಕ್ಟರು ಆರಿಸುವುದಿಲ್ಲ’ ಎಂದು ಬರೆಯಬೇಕು. ಓದಿದ ಮೇಲೆ ಬೇಡ ಎನ್ನುವವರೂ ಇರುತ್ತಾರೆ. ಅವರ ಚಿಕಿತ್ಸೆ ಎಂದಿನಂತೆಯೇ ನಡೆಯುತ್ತದೆ ಎಂಬ ಮಾತೂ ಅದೇ ಪತ್ರದಲ್ಲಿರಬೇಕು.