ಸೌದೆ ಅಟ್ಟಿ ಯಾಕೆ ವಾಲುತ್ತದೆ?

ಪತ್ತನಾಜೆಗೆ ಮೊದಲು ಸೌದೆ ಕೊಟ್ಟಿಗೆ ಸೇರಬೇಕು. ಕಾಸರಗೋಡಿನ ತೋಟದ ಮನೆಗಳಲ್ಲಿ ಇದು ಹಿಂದಿನಿಂದ ಬಂದ ಲೆಕ್ಕ. ಪತ್ತನಾಜೆ ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ. ಅದು ಬರುವುದು ಮೇ ತಿಂಗಳ ಕೊನೆಗೆ, ಅದಾಗಿ ಒಂದೆರಡು ವಾರಕ್ಕೆ ಮಳೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅಡುಗೆಗೆ ಗ್ಯಾಸ್ ಬಂದು ಎಷ್ಟು ಕಾಲವಾದರೂ ಬಚ್ಚಲ ಹಂಡೆಗೆ, ಜೆಂಬಾರದ (ಮನೆಯ ಸಮಾರಂಭದ) ಅಡುಗೆಗೆ ಇನ್ನೂ ಸೌದೆ ಬೇಕು. ಹಾಗಾಗಿ ಎಪ್ರಿಲ್‌ನಲ್ಲಿ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಹೋದರೆ ಅಂಗಳದ ಬದಿಯಲ್ಲಿ ಸೀಳಿದ ಸೌದೆಯ ಅಟ್ಟಿಗಳು ಕಾಣುತ್ತವೆ.

ಆ ಅಟ್ಟಿಗಳನ್ನು ಸ್ವಲ್ಪ ನಿಂತು ನೋಡಿ. ಜನವರಿಯಲ್ಲಿ ನೆಟ್ಟಗೆ ಇಟ್ಟದ್ದು ಮೇ ಬರುವಾಗ ಒಂದು ಬದಿಗೆ ವಾಲಿರುತ್ತದೆ. ಹೆಚ್ಚಾಗಿ ಬಿಸಿಲು ಬೀಳುವ ಬದಿಗೆ. ಇಟ್ಟವರ ಕೈ ಸರಿಯಿಲ್ಲ ಎಂದು ಬೈಯುವವರಿದ್ದಾರೆ. ಆದರೆ ಕೈ ಎಷ್ಟೇ ಪಳಗಿದ್ದರೂ ಹಸಿ ಸೌದೆಯ ಅಟ್ಟಿ ಇಟ್ಟ ಹಾಗೆಯೇ ಇರುವುದಿಲ್ಲ. ಒಣಗುತ್ತಾ ಒಣಗುತ್ತಾ ಅದು ಕುಸಿಯುತ್ತದೆ, ಸರಿಯುತ್ತದೆ, ಓರೆಯಾಗುತ್ತದೆ. ಅದು ಹೀಗೆ ಅಲುಗುತ್ತದೆ ಎಂದು ಗೊತ್ತಿಟ್ಟುಕೊಂಡೇ ಇಡಬೇಕು.

ಮರ ಅಂದರೆ ಉದ್ದುದ್ದ ಸಣ್ಣ ಕೊಳವೆಗಳ ಕಟ್ಟು. ಆಗ ತಾನೇ ಕಡಿದ ಮರದಲ್ಲಿ, ಒಣ ಮರದ ತೂಕದ ಅರ್ಧಕ್ಕಿಂತ ಹೆಚ್ಚು ನೀರಿರುತ್ತದೆ. ಕೆಲವು ಮರಗಳಲ್ಲಿ ಮರದಷ್ಟೇ ತೂಕದ ನೀರು. ಮೊದಲು ಖಾಲಿಯಾಗುವುದು ಕೊಳವೆಯ ಒಳಗೆ ತುಂಬಿದ ನೀರು. ಅದು ಹೋಗುವಾಗ ಸೌದೆ ಹಗುರವಾಗುತ್ತದೆ ಅಷ್ಟೇ, ಗಾತ್ರ ಬದಲಾಗುವುದಿಲ್ಲ. ತೇವ ಶೇಕಡಾ 30ರ ಹತ್ತಿರ ಇಳಿದ ಮೇಲೆ ಕೊಳವೆಯ ಗೋಡೆಯೊಳಗಿನ ನೀರು ಹೊರಡುತ್ತದೆ. ಆಗ ಮರ ಕುಗ್ಗಲು ಶುರು. ಮೊದಲ ಕೆಲವು ವಾರ ಅಟ್ಟಿ ಗಟ್ಟಿಯಾಗಿ ನಿಂತು, ಆಮೇಲೆ ವಾಲುವುದು ಇದೇ ಕಾರಣಕ್ಕೆ.

ಕುಗ್ಗುವುದೂ ಎಲ್ಲ ಕಡೆಗೆ ಒಂದೇ ಸಮ ಅಲ್ಲ. ಪೂರ್ತಿ ಒಣಗಿದರೂ ಉದ್ದದಲ್ಲಿ ಶೇಕಡಾ 0.1 ಅಥವಾ 0.2ರಷ್ಟು ಮಾತ್ರ, ಕಣ್ಣಿಗೆ ಕಾಣುವಂಥದ್ದಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಶೇಕಡಾ 3ರಿಂದ 5. ಉಂಗುರದ ಗುಂಟ ಸುತ್ತಲೂ ಅದರ ಸುಮಾರು ಎರಡು ಪಟ್ಟು. ಸುತ್ತಳತೆ ಜಾಸ್ತಿ ಕುಗ್ಗಲು ಹೊರಟು ನಡುವಿನ ಭಾಗ ಅಷ್ಟು ಕುಗ್ಗದೆ ನಿಂತಾಗ ಮರ ಸೀಳುತ್ತದೆ. ಕೊಳ್ಳಿಯ (ಕಡಿದ ಮರದ ತುಂಡಿನ) ತುದಿಯಲ್ಲಿ ಬಾಯಿ ಬಿಟ್ಟ ಬಿರುಕುಗಳು ಹೀಗೆ ಬಂದವು.

ಈಗ ಅಟ್ಟಿಯಿಂದ ಒಂದು ಮಾವಿನ ಸೀಳನ್ನು ಎಳೆದು ಅದರ ಎರಡು ತುದಿ ಮುಟ್ಟಿ ನೋಡಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸೂರ್ಯ ನಮಗೆ ತೆಂಕು ಬದಿಗೆ ಇರುತ್ತಾನೆ. ತೆಂಕಿಗೆ, ಪಡುವಿಗೆ ಮುಖ ಮಾಡಿದ ತುದಿ ಬೂದಿ ಬಣ್ಣಕ್ಕೆ ತಿರುಗಿ, ಬಿರುಕು ಬಿಟ್ಟು, ಒಣಗಿದ್ದು ಕೈಗೇ ಗೊತ್ತಾಗುತ್ತದೆ. ಗೋಡೆಯ ಕಡೆಗಿದ್ದ ತುದಿ ಇನ್ನೂ ತಂಪು, ಬಣ್ಣ ಕಪ್ಪು, ಬಿರುಕು ಕಡಿಮೆ. ನೀರು ಮರದ ಅಡ್ಡಕ್ಕೆ ಹೋಗುವುದಕ್ಕಿಂತ ಉದ್ದಕ್ಕೆ ಹತ್ತು ಪಟ್ಟಿಗೂ ವೇಗವಾಗಿ ಹೋಗುತ್ತದೆ. ಹಾಗಾಗಿ ಬಿಸಿಲು ತಾಗುವ ತುದಿ ಮೊದಲು ಒಣಗಿ, ಮೊದಲು ಸಪೂರ ಆಗುತ್ತದೆ. ಒಂದು ಸೀಳಿನಲ್ಲಿ ವ್ಯತ್ಯಾಸ ಒಂದೆರಡು ಮಿಲಿಮೀಟರ್ ಇರಬಹುದು. ಆದರೆ ಒಂದರ ಮೇಲೊಂದು ಕೂತ ಸೀಳುಗಳೆಲ್ಲ ಒಂದೇ ಬದಿಗೆ ಸಪೂರವಾದರೆ? 150 ಸೆಂಟಿಮೀಟರ್ ಎತ್ತರದ, 45 ಸೆಂಟಿಮೀಟರ್ ಅಗಲದ ಅಟ್ಟಿಯ ಒಂದು ಬದಿ ಇನ್ನೊಂದಕ್ಕಿಂತ 3 ಸೆಂಟಿಮೀಟರ್ ಜಾಸ್ತಿ ಇಳಿಯಿತು ಎಂದಿಟ್ಟುಕೊಳ್ಳಿ. ಅದರ ತಲೆ ಸುಮಾರು 5 ಸೆಂಟಿಮೀಟರ್ ಮುಂದಕ್ಕೆ ಬರುತ್ತದೆ. ಅಷ್ಟಕ್ಕೇ ಬೀಳಲಿಕ್ಕಿಲ್ಲ. ಆದರೆ ಕೋಳಿ ಮೇಲೆ ಹಾರಿದರೂ ಸಾಕು, ಮೇಲಿನ ನಾಲ್ಕು ಸೌದೆ ಕಾಲ ಮೇಲೆ ಬರುತ್ತದೆ.

ಅದಕ್ಕೇ ಅಟ್ಟಿಯನ್ನು ಬಿಸಿಲಿನ ವಿರುದ್ಧ ಬದಿಗೆ ಒಂದಿಷ್ಟು ಓರೆ ಇಡುವುದು ಒಳ್ಳೆಯದು. ಒಣಗುವಾಗ ಅದು ತಾನಾಗಿ ನೇರಕ್ಕೆ ಬರುತ್ತದೆ. ಹೆಚ್ಚಿನ ಸೌದೆಗೆ ಒಂದು ತುದಿ ದಪ್ಪ, ಒಂದು ಸಪೂರ ಇರುತ್ತದಲ್ವಾ? ಸಾಲಿನಲ್ಲಿ ಅದನ್ನು ಒಂದು ಬಿಟ್ಟು ಒಂದು ತಿರುಗಿಸಿ ಇಡಬೇಕು.

ಉರುಟು ಕೊಳ್ಳಿಯ ಕಥೆ ಬೇರೆ. ಎರಡು ಕೊಳ್ಳಿಗಳ ನಡುವಿನ ತಗ್ಗಿನಲ್ಲಿ ಮೂರನೆಯದು ಕೂರುತ್ತದೆ. ನೋಡಲು ಭದ್ರ. ಆದರೆ ಮೇಲಿನದು ಕೆಳಗಿನ ಎರಡನ್ನೂ ಆಚೆ ಈಚೆ ನೂಕುತ್ತಲೇ ಇರುತ್ತದೆ. ಮೂರೂ ಒಂದೇ ದಪ್ಪದವಾದರೆ, 10 ಕಿಲೋದ ಕೊಳ್ಳಿ ಒಂದೊಂದು ಬದಿಗೆ ಹೆಚ್ಚುಕಡಿಮೆ 3 ಕಿಲೋ ಭಾರದಷ್ಟು ಬಲದಿಂದ ನೂಕುತ್ತದೆ. ಸಾಲು ಏರಿದ ಹಾಗೆ ನೂಕು ಕೂಡುತ್ತಾ ಹೋಗಿ ಬುಡದ ತುದಿಯ ಕೊಳ್ಳಿಗೆ ಬರುತ್ತದೆ. ಅದನ್ನು ಹಿಡಿದಿರುವುದು ಬರೀ ಉಜ್ಜಾಟ. ಮರ ಒಣಗಿ ತೊಗಟೆ ಸಡಿಲವಾದರೆ ಆ ಹಿಡಿತವೂ ಹೋಯಿತು, ತೊಗಟೆಯೇ ಜಾರುಬಂಡೆ. ಸೀಳಿದ ಸೌದೆಗೆ ಚಪ್ಪಟೆ ಮುಖ ಇರುವುದರಿಂದ ಈ ನೂಕು ಬಹಳ ಕಡಿಮೆ. ಜೊತೆಗೆ ತೊಗಟೆಯ ಕವಚ ಬಿರಿದು ನೀರು ಹೊರಗೆ ಹೋಗಲು ದಾರಿಯೂ ಆಗುತ್ತದೆ. ಹಸಿ ಇರುವಾಗಲೇ ಸೀಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅಟ್ಟಿಯ ಎರಡು ಕೊನೆಗಳೇ ಹೆಚ್ಚು ದುರ್ಬಲ. ಅಲ್ಲಿ ಒಂದು ಸಾಲು ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ, ಹೀಗೆ ಕಟ್ಟುತ್ತಾ ಒಂದು ಕಂಬ ಎಬ್ಬಿಸಬೇಕು. ಅದಕ್ಕೆ ಒಳ್ಳೆಯ ಚಪ್ಪಟೆ ಸೀಳುಗಳನ್ನು ಮೊದಲೇ ಆರಿಸಿ ಇಡಿ. ಎತ್ತರ ಅಗಲದ ಮೂರು ಪಟ್ಟು ದಾಟದಿರಲಿ. ಮಕ್ಕಳು ಓಡಾಡುವ ಅಂಗಳವಾದರೆ ಎದೆಯ ಎತ್ತರವೂ ಬೇಡ. ಒತ್ತೆಕೋಲದಲ್ಲಿ ದೈವ ಹಾರುವ ಕೆಂಡಕ್ಕಾಗಿ ಪೇರಿಸುವ ಸೌದೆರಾಶಿ ಮೇಲೇರಿ, ಅದರಂತೆ ಬುಡ ಅಗಲ ಮಾಡಿ ರಾಶಿ ಹಾಕಿದರೆ ಬೀಳುವ ಭಯವೇ ಇಲ್ಲ. ಆದರೆ ಮೇಲೇರಿ ಒಂದು ರಾತ್ರಿಯಲ್ಲಿ ಉರಿದು ಕೆಂಡವಾಗಲಿಕ್ಕೆ ಇರುವುದು. ಮನೆಯ ಸೌದೆ ತಿಂಗಳುಗಟ್ಟಲೆ ಇರಬೇಕು. ರಾಶಿಯ ಹೊಟ್ಟೆಗೆ ಗಾಳಿ ಹೋಗದೆ ನಡುವಿನದ್ದೆಲ್ಲ ಬೂಸರು ಹಿಡಿಯುತ್ತದೆ.

ಬುಡಕ್ಕೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು), ಅದರ ಮೇಲೆ ಎರಡು ಅಡಕೆ ಸಲಾಕೆ (ಅಡಕೆ ಮರದ ಸೀಳು ಪಟ್ಟಿ). ಇಷ್ಟು ಮಾಡಿದರೆ ಅಡಿಯಲ್ಲಿ ಗಾಳಿಯಾಡುತ್ತದೆ, ನೆಲದ ತೇವ ಏರುವುದಿಲ್ಲ. ಮುರಕಲ್ಲಿನಿಂದ ಇನ್ನೊಂದು ಉಪಕಾರವಿದೆ. ಗೆದ್ದಲು ನೆಲದಿಂದ ಮರಕ್ಕೆ ಮಣ್ಣಿನ ಸುರಂಗ ಕಟ್ಟಿಕೊಂಡೇ ಬರುತ್ತದೆ. ಸೌದೆ ನೆಲಕ್ಕೆ ತಾಗಿದ್ದರೆ ಅದು ಯಾವಾಗ ಬಂತೆಂದೇ ಗೊತ್ತಾಗದು. ಕಲ್ಲಿನ ಮೇಲೆ ಹತ್ತುವಾಗ ಸುರಂಗ ಕಣ್ಣಿಗೆ ಬೀಳುತ್ತದೆ, ಉಜ್ಜಿ ತೆಗೆಯಬಹುದು. ಮನೆಯ ಗೋಡೆಗೂ ಅಟ್ಟಿಗೂ ಒಂದು ಗೇಣಾದರೂ ಎಡೆ ಬಿಡಿ. ವಾಲಿದ ಅಟ್ಟಿಯ ಭಾರ ಗೋಡೆಗೆ ಬೀಳುವುದಿಲ್ಲ, ಹಿಂದೆ ಏನಾಗುತ್ತಿದೆ ಎಂದು ಟಾರ್ಚ್ ಹಾಕಿ ನೋಡಲೂ ಆಗುತ್ತದೆ.

ಟಾರ್ಪಾಲು ಬುಡದವರೆಗೆ ಸುತ್ತಬೇಡಿ. ಒಳಗಿನ ಆವಿ ಅಲ್ಲೇ ಉಳಿದು ರಾತ್ರಿ ನೀರಾಗಿ ತೊಟ್ಟಿಕ್ಕುತ್ತದೆ. ತಲೆಯ ಮೇಲೆ ಮಾತ್ರ ಮಾಡಿನಂತೆ ಹೊದಿಸಿದರೆ ಸಾಕು, ಬದಿಗಳು ತೆರೆದಿರಲಿ. ಹೆಣೆದ ತೆಂಗಿನ ಮಡಲು ಆದರೂ ನಡೆಯುತ್ತದೆ.

ಎಲ್ಲ ಮರವೂ ಒಂದೇ ಅಲ್ಲ. ರಬ್ಬರ್ ಸೌದೆಯಲ್ಲಿ ಪಿಷ್ಟ ಜಾಸ್ತಿ, ಆದ್ದರಿಂದ ಅದಕ್ಕೆ ಬೇಗ ಶಿಲೀಂಧ್ರ ಹತ್ತಿ ಕಪ್ಪು ಕಲೆ ಬೀಳುತ್ತದೆ, ಹುಳ ಕೊರೆದು ಹುಡಿ ಸುರಿಯುತ್ತದೆ. ಅದನ್ನು ಮೊದಲು ಉರಿಸಿ ಮುಗಿಸಬೇಕು. ಗಾಳಿಮರ (ಸರ್ವೆ), ಮಾವು ಹಿಂದಕ್ಕೆ ಇರಲಿ. ಚೇರೆ ಮರವನ್ನು ಸೌದೆಗೆ ಸೇರಿಸಲೇಬೇಡಿ. ಅದರ ಸೊನೆ ತಾಗಿದರೆ ಮೈ ಬಾತುಕೊಳ್ಳುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಹಸಿ ಸೌದೆಯಲ್ಲಿ ನಾವು ನೀರನ್ನೇ ಸುಡುತ್ತೇವೆ. ಸೌದೆಯಲ್ಲಿರುವ ಒಂದು ಕಿಲೋ ನೀರನ್ನು ಬಿಸಿ ಮಾಡಿ ಆವಿ ಮಾಡಲು ಸುಮಾರು 610 ಕಿಲೋ ಕ್ಯಾಲೊರಿ ಬೇಕು. ಅಷ್ಟೇ ಶಾಖ 15 ಲೀಟರ್ ನೀರನ್ನು 30 ಡಿಗ್ರಿಯಿಂದ 70 ಡಿಗ್ರಿಗೆ ಏರಿಸುತ್ತದೆ. ಒಬ್ಬರ ಸ್ನಾನದ ನೀರು ಹೊಗೆಯ ಜೊತೆ ಹೋಯಿತು. ಒಲೆ ತಂಪಾಗಿ ಹೊಗೆ ಪೂರ್ತಿ ಉರಿಯದೆ ಹೋಗುವ ನಷ್ಟ ಬೇರೆ. ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಸೌದೆ ಚೆನ್ನಾಗಿ ಉರಿಯುತ್ತದೆ.

ಆಟಿಯ (ಜುಲೈ-ಆಗಸ್ಟ್‌ನ) ಮಳೆಯಲ್ಲಿ ಗಾಳಿಯ ಆರ್ದ್ರತೆ ಶೇಕಡಾ 90ರ ಹತ್ತಿರ ನಿಂತುಬಿಡುತ್ತದೆ. ಆಗ ಮಳೆ ತಾಗದ ಸೌದೆಯೂ ಗಾಳಿಯಿಂದಲೇ ತೇವ ಹೀರಿ ಶೇಕಡಾ 20ರ ಆಸುಪಾಸಿಗೆ ಬರುತ್ತದೆ, ಸ್ವಲ್ಪ ಉಬ್ಬುತ್ತದೆ. ಉಬ್ಬುವಾಗ ಹಳೆಯ ಜಾಗಕ್ಕೆ ಸರಿಯಾಗಿ ಬಂದು ಕೂರುವುದಿಲ್ಲ. ಬೇಸಿಗೆಯಲ್ಲಿ ಗಟ್ಟಿ ನಿಂತ ಅಟ್ಟಿ ಜುಲೈಯಲ್ಲಿ ಸಡಿಲವಾಗಿರಬಹುದು. ಆಗ ಸೌದೆಯನ್ನು ಮೇಲಿನಿಂದಲೇ, ಉದ್ದಕ್ಕೂ ಸಮನಾಗಿ ತೆಗೆಯುತ್ತಾ ಬನ್ನಿ. ನಡುವಿನಿಂದ ಎಳೆಯಬೇಡಿ. ಕೈ ಹಾಕುವ ಮೊದಲು ಕೋಲಿನಿಂದ ಒಮ್ಮೆ ತಟ್ಟಿ, ಕನ್ನಡಿ ಹಾವಿಗೆ ಚೇಳಿಗೆ ಇಂಥ ಒಣ ಎಡೆ ಬಹಳ ಇಷ್ಟ. ಎರಡು ದಿನಕ್ಕೆ ಬೇಕಾದಷ್ಟನ್ನು ಬಚ್ಚಲ ಒಲೆಯ ಹತ್ತಿರ ತಂದಿಟ್ಟರೆ ಅಲ್ಲಿನ ಬೆಚ್ಚಗಿನ ಗಾಳಿಗೆ ಉಳಿದ ತೇವವೂ ಇಳಿಯುತ್ತದೆ. ಕಿಡಿ ಹಾರಿದರೂ ತಾಗದಷ್ಟು ದೂರದಲ್ಲಿ ಇಡಿ.